ಅಪ್‌ಡೇಟ್: ರೂಮಿನ ರೆಕಾರ್ಡಿಂಗ್‌ನಲ್ಲಿ ಗುಂಯ್‌ಗುಡುತ್ತಿದ್ದ ದನಿ ಸರಿಹೋಯ್ತು

ಪರೀಕ್ಷೆ ಒತ್ತಡದ ನಡುವೆ ಮನಸ್ಸು ಹಗುರಾಗ್ಲಿ ಅಂತ ಹಾಡು ರೆಕಾರ್ಡ್ ಮಾಡ್ತೀನಿ, ಸರಸ್ವತಿಪುರಂ ರೂಮಲ್ಲಿ ದನಿ ಗುಂಯ್ ಅನ್ನುತ್ತೆ, ಎರಡನೇ ಟ್ರ್ಯಾಕ್ ತಾಳಕ್ಕೆ ಕೂರಲ್ಲ ಅಂತ ಕೇಳಿದ್ದೆ. ಎರಡೂ ಸರಿಹೋಯ್ತು.

ಗುಂಯ್ ಅನ್ನೋದು ಮೈಕಿನ ತಪ್ಪಲ್ಲ, ಬರಿಗೋಡೆಯದು. ಹಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿದ್ದರೆ 'ಪ', 'ಬ' ಅಂದಾಗ ಗಾಳಿ ಬಡಿಯಲ್ಲ. ತಾರಸ್ಥಾಯಿಯಲ್ಲೂ ರೆಕಾರ್ಡಿಂಗ್ ಮಟ್ಟ ತೋರಿಸೋ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು. ಒಡೆದ ದನಿ ಆಮೇಲೆ ಕೂಡಲ್ಲ.

ತಾಳ ತಪ್ಪಿಸ್ತಿದ್ದದ್ದು ಬ್ಲೂಟೂತ್ ಹೆಡ್‌ಫೋನು, ಅದರಲ್ಲಿ ದನಿ ತಡವಾಗಿ ಕೇಳುತ್ತೆ. ವೈರಿನದು ಹಾಕಿ. ಆಮೇಲೂ ಹಿಂದೆಮುಂದಾದ್ರೆ ಹೆಡ್‌ಫೋನನ್ನೇ ಮೈಕಿಗೆ ಹಿಡಿದು ಟಿಕ್‌ಟಿಕ್ ಟ್ರ್ಯಾಕ್ ರೆಕಾರ್ಡ್ ಮಾಡಿ, ಮೂಲ ಟಿಕ್‌ಗೂ ರೆಕಾರ್ಡ್ ಆದ ಟಿಕ್‌ಗೂ ಇರೋ ಅಂತರ ಅಳೆದು, ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿಯ ಲೇಟೆನ್ಸಿ ಕಾಂಪೆನ್ಸೇಶನ್‌ನಲ್ಲಿ (ತಡ ಸರಿದೂಗಿಸೋ ಸೆಟ್ಟಿಂಗ್) ತಿದ್ದಿ.

ಫ್ಯಾನ್ ಆಫ್. ಶ್ರುತಿ ಕಿವಿಗಷ್ಟೇ ಕೇಳಲಿ, ಮೈಕಿಗೆ ಬೇಡ.