ಸ್ಟುಡಿಯೋದ ಹಳೇ ಕಂಪ್ಯೂಟರ್‌ನಲ್ಲಿ ಈ ಸರ್ವೀಸ್ ಏನು? ಇಡಬೇಕಾ, ತೆಗೀಬೇಕಾ?

ತಟ್ಟೆಇಡ್ಲಿ_ಕ್ಯಾತ್ಸಂದ್ರ: ತುಮಕೂರಲ್ಲಿ ಒಂದು ಫೋಟೋ ಸ್ಟುಡಿಯೋ ಮುಚ್ಚಿದರು. ಅವರ ಹಳೇ ಡೆಸ್ಕ್‌ಟಾಪ್ ಅನ್ನು ಮಗಳ ಪಿಯುಸಿ ಓದಿಗೆ ಅಂತ ತಗೊಂಡೆ, ವಿಂಡೋಸ್ 7. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ತಿರುಗುತ್ತಾ ಇರುತ್ತದೆ. ನಿನ್ನೆ ಸರ್ವೀಸಸ್ ಪಟ್ಟಿ (ಹಿನ್ನೆಲೆಯಲ್ಲಿ ತಾವಾಗೇ ಓಡುವ ಪ್ರೋಗ್ರಾಂಗಳದ್ದು) ತೆಗೆದರೆ ಎಲ್ಲಕ್ಕಿಂತ ಮೇಲೆ ಎರಡು ಹ್ಯಾಶ್ ಗುರುತು, ಐಡಿ ಸ್ಟ್ರಿಂಗ್ ಅಂತ ಏನೋ, ಆಮೇಲೆ ಮೊಳದುದ್ದ ಅಂಕಿ, ಅಕ್ಷರ. ವೈರಸ್ಸಾ ಇದು?

ಪಾವಗಡದ_ಬಿಸಿಲು: ಹೆಸರೇ ಇಲ್ಲ ಅಂದಮೇಲೆ ಇನ್ನೇನು ಸಾರ್, ಕಿತ್ತು ಬಿಸಾಕಿ.

ಗುಬ್ಬಿ_ಮೇಷ್ಟ್ರು: ತಡೀರಪ್ಪ. ನಾನೂ ಹೀಗೇ ಒಂದು ಸಲ ಪ್ರಿಂಟ್ ಸ್ಪೂಲರ್ ಅನ್ನೋದನ್ನ ಡಿಸೇಬಲ್ ಮಾಡಿದ್ದೆ. ಹೆಸರಲ್ಲೇ ಪ್ರಿಂಟ್ ಅಂತ ಇದೆ, ನಮಗೆ ಹೊಳೀಬೇಕಲ್ಲ! ಮಾರನೇ ದಿನ ಪಹಣಿ ಪ್ರಿಂಟ್ ತೆಗೆಯೋಕೆ ಹೋದರೆ ಪ್ರಿಂಟರೇ ಇಲ್ಲ ಅಂದಿತು. ಕೇಬಲ್ ಬದಲಾಯಿಸಿದೆ, ಇಂಕ್ ಹಾಕಿಸಿದೆ, ಎಲ್ಲಾ ದಂಡ. ಮೊದಲು ಅದರ ಮೇಲೆ ಎರಡು ಸಲ ಒತ್ತಿ, ಫೈಲ್ ಯಾವ ಫೋಲ್ಡರ್‌ನಲ್ಲಿದೆ ನೋಡಿ ಹೇಳಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಅದರಲ್ಲಿ ಬಾನ್‌ಜೂರ್. ಫೈಲ್ ಹೆಸರು ಎಂಡಿಎನ್‌ಎಸ್ ರೆಸ್ಪಾಂಡರ್.

ಶಿರಾ_ಕಡ್ಲೇಕಾಯಿ: ಓಹ್, ಇದು ಆಪಲ್‌ದು. ಒಂದೇ ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್, ಕಂಪ್ಯೂಟರ್ ಎಲ್ಲಾ ತಾವೇ ಒಂದನ್ನೊಂದು ಹುಡುಕಿಕೊಳ್ಳಲಿ ಅಂತ ಮಾಡಿದ್ದು, ಅದಕ್ಕೇ ಫ್ರೆಂಚರ ನಮಸ್ಕಾರದ ಹೆಸರು. ಐಟ್ಯೂನ್ಸ್ ಜೊತೆಗೂ ಬರುತ್ತಿತ್ತು. ಆದರೆ ಈ ಹ್ಯಾಶ್ ಹೆಸರು ಕಾಣೋದು ಫೋಟೋಶಾಪ್ ಇರುವ 2007ರ ಅಡೋಬಿ ಸಿಎಸ್3 ಪ್ಯಾಕೇಜ್ ಹಾಕಿದ ಕಡೆ. ಸ್ಟುಡಿಯೋದವರು ಅಂದ್ರಲ್ಲ, ಫೋಟೋಶಾಪ್ ಇದ್ದೇ ಇರುತ್ತದೆ. ಆದರೂ ಫೈಲ್ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್, ಅಂದ್ರೆ ಫೈಲ್ ಮಾಡಿದ ಕಂಪನಿಯ ಸಹಿ, ನೋಡಿ. ಆಪಲ್ ಅಂತ ಇರಬೇಕು, ಯಾಕಂದ್ರೆ ವೈರಸ್ ಕೂಡ ಒಳ್ಳೇ ಹೆಸರು ಇಟ್ಟುಕೊಂಡು ಬರುತ್ತದೆ.

ಪಾವಗಡದ_ಬಿಸಿಲು: ಸರಿ, ವೈರಸ್ ಅಲ್ಲ. ಹಾಗಂತ ಇಟ್ಟುಕೊಳ್ಳಬೇಕಾ? ಮಗು ಫೋಟೋಶಾಪ್ ಮಾಡಲ್ಲ, ಇದು ಮಾತ್ರ ಸುಮ್ನೆ ನೆಟ್‌ವರ್ಕ್ ಬಾಗಿಲಲ್ಲಿ, ಅಂದ್ರೆ 5353ನೇ ಪೋರ್ಟ್‌ನಲ್ಲಿ ಕಿವಿ ಕೊಟ್ಟುಕೊಂಡು ಕೂತಿರುತ್ತದೆ. ಫೋಲ್ಡರ್‌ನ್ನೇ ಡಿಲೀಟ್ ಹೊಡೀರಿ.

ಶಿರಾ_ಕಡ್ಲೇಕಾಯಿ: ತೆಗೆಯೋದಕ್ಕೆ ನನ್ನದೇನೂ ತಕರಾರಿಲ್ಲ, ಫೋಲ್ಡರ್ ಡಿಲೀಟ್ ಮಾತ್ರ ಬೇಡ ಮಾರಾಯ್ರೆ. ಅದರ ಒಂದು ಡಿಎಲ್‌ಎಲ್ ಫೈಲ್, ವಿಂಡೋಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ವಿನ್‌ಸಾಕ್ ಒಳಗೆ ಸೇರಿಕೊಂಡಿರುತ್ತದೆ. ನಾನು ಹಾಗೆ ಅಳಿಸಿ ನೆಟ್ಟೇ ಹೋಯಿತು, ಎರಡು ದಿನ ಕೇಬಲ್ ಹುಡುಗನಿಗೆ ಸುಮ್ನೆ ಬೈದೆ. ಕೊನೆಗೆ ವಿನ್‌ಸಾಕ್ ರೀಸೆಟ್ ಮಾಡಿದ ಮೇಲೆ ಬಂತು, ಪಾಪ ಅವನು.

ಗುಬ್ಬಿ_ಮೇಷ್ಟ್ರು: ಸ್ಟಾರ್ಟಪ್ ಟೈಪ್ ಅನ್ನು ಡಿಸೇಬಲ್ಡ್ ಮಾಡಿ ಒಂದು ವಾರ ಬಿಡಿ. ಏನಾದ್ರೂ ನಿಂತರೆ ವಾಪಸ್ ಹಾಕಬಹುದು, ಅಳಿಸಿದ್ದು ಹಾಗೆ ಬರಲ್ಲ.

ತಟ್ಟೆಇಡ್ಲಿ_ಕ್ಯಾತ್ಸಂದ್ರ: ವಾರ ಆಯ್ತು ಮೇಷ್ಟ್ರೇ. ಸಿಗ್ನೇಚರ್ ಆಪಲ್‌ದೇ. ಏನೂ ಕೆಡಲಿಲ್ಲ, ಸ್ಪೀಡೂ ಬರಲಿಲ್ಲ. ಅದು ತಿನ್ನುತ್ತಿದ್ದದ್ದೇ 3 ಎಂಬಿ! ರ‍್ಯಾಮ್ ಇರೋದು 2 ಜಿಬಿ.

ಶಿರಾ_ಕಡ್ಲೇಕಾಯಿ: ಹಾಗಾದರೆ ಈಗ ಕಂಟ್ರೋಲ್ ಪ್ಯಾನೆಲ್‌ನಿಂದ ಸಿಎಸ್3ನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ವಿಂಡೋಸ್ 7ಕ್ಕೆ. ಮನೆ ಕಂಪ್ಯೂಟರ್‌ಗಳಿಗೆ 2020ರ ಜನವರಿಯಲ್ಲೇ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಎಲ್ಲಾ ಒರೆಸಿ ವಿಂಡೋಸ್ ಬದಲು ಲಿನಕ್ಸ್ ಹಾಕಿ.

ಪಾವಗಡದ_ಬಿಸಿಲು: ಒಂದು ವಾರ ತಡೀರಿ ತಡೀರಿ ಅಂದು ಈಗ ಎಲ್ಲಾ ಒರೆಸಿ ಅಂತೀರಲ್ಲ ಸಾರ್. ನಾನು ಹೇಳಿದ್ದೂ ಅದೇ ಅಲ್ವಾ?

ತಟ್ಟೆಇಡ್ಲಿ_ಕ್ಯಾತ್ಸಂದ್ರ: ಒರೆಸೋಣ, ಆದರೆ ಈಗಲೇ ಆಗಲ್ಲ. ಡಿ ಡ್ರೈವ್ ತುಂಬಾ ಯಾರ್ಯಾರದೋ ಮದುವೆ ಫೋಟೋ ಇದೆ. ಸ್ಟುಡಿಯೋದವರಿಗೆ ಫೋನ್ ಮಾಡಿದ್ದೀನಿ, ಭಾನುವಾರ ಹಾರ್ಡ್ ಡಿಸ್ಕ್ ತಗೊಂಡು ಬರ್ತಾರಂತೆ.