ಅಲ್ಟ್ರಾ-160 ಸ್ಕಸಿ ಟೇಪಿನಿಂದ ಎಸ್‌ಟಿಎಂ-4 ಲಿಂಕಿಗೆ: ಸೆಕೆಂಡಿಗೆ ಎಷ್ಟು ಸಿಗಬೇಕು?

ಹಳೇಟೇಪು:
ಹಳೆಯ ಲಿನಕ್ಸ್ ಸರ್ವರ್‌ನಲ್ಲಿ ಅಲ್ಟ್ರಾ-160 ಸ್ಕಸಿ ಕಾರ್ಡು (ಡಿಸ್ಕು, ಟೇಪುಗಳನ್ನು ಜೋಡಿಸುವ ಕಾರ್ಡು), ಅದಕ್ಕೆ ಎಲ್‌ಟಿಓ-3 ಅನ್ನೋ ಬ್ಯಾಕಪ್ ಟೇಪಿನ ಡ್ರೈವ್. ಟೇಪಿನಲ್ಲಿರುವುದನ್ನು ಬೆಂಗಳೂರಿನಿಂದ ದೆಹಲಿಗೆ ಎಸ್‌ಟಿಎಂ-4 ಲೀಸ್ಡ್ ಲೈನಿನ (ಬಾಡಿಗೆಗೆ ಪಡೆದ ಟೆಲಿಕಾಂ ನಾರಿನ ಲೈನು) ಮೇಲೆ ಕಳಿಸಬೇಕು. ಪಿಂಗ್ (ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) 40 ಮಿಲಿಸೆಕೆಂಡ್. ಲೈನಿನ ವೇಗ ಸೆಕೆಂಡಿಗೆ 622.08 ಮೆಗಾಬಿಟ್, ಅದನ್ನು 8ರಿಂದ ಭಾಗಿಸಿದರೆ 77.76 ಮೆಗಾಬೈಟ್, ಡ್ರೈವ್ ಕೊಡೋದು 80. ಹೆಚ್ಚುಕಮ್ಮಿ ಜೋಡಿ ಸರಿಯಿದೆ. ಆದರೆ ಬರ್ತಿರೋದು ಸೆಕೆಂಡಿಗೆ 1.6 ಮೆಗಾಬೈಟ್ ಮಾತ್ರ! ಕಾರ್ಡಿನ ಮೇಲಿರುವ 160 ಮೆಗಾಬಿಟ್ಟೋ ಏನು?

ನಾರುಬೆಳಕು:
ಅಲ್ಲ, ಅದು ಮೆಗಾಬೈಟೇ. 16 ಬಿಟ್ ಬಸ್ಸು (ಡೇಟಾ ಓಡುವ ತಂತಿಗಳ ಗುಂಪು), ಅಂದರೆ ಒಂದು ಸಲಕ್ಕೆ 2 ಬೈಟ್, ಸೆಕೆಂಡಿಗೆ 8 ಕೋಟಿ ಸಲ. ಬಿಟ್ಟಿನಲ್ಲಿ 1280 ಮೆಗಾಬಿಟ್. ಸ್ಟೋರೇಜಿನವರು ಬೈಟಿನಲ್ಲಿ ಹೇಳ್ತಾರೆ, ಟೆಲಿಕಾಂನವರು ಬಿಟ್ಟಿನಲ್ಲಿ. ಜಗಳ ಅಲ್ಲಿಂದಲೇ ಶುರು.

77.76 ಮಾತ್ರ ಕೈಗೆ ಸಿಗೋ ಅಂಕಿ ಅಲ್ಲ. 622.08 ಅನ್ನೋದು ನಾರಿನ ಮೇಲೆ ಓಡುವ ಒಟ್ಟು ವೇಗ. ಎಸ್‌ಟಿಎಂ-4 ಫ್ರೇಮಿನಲ್ಲಿ (ಒಂದು ಸಲಕ್ಕೆ ಕಳಿಸುವ ಬೈಟುಗಳ ಚೌಕಟ್ಟಿನಲ್ಲಿ) 9 ಸಾಲು, 1080 ಕಂಬ, ಸೆಕೆಂಡಿಗೆ 8000 ಫ್ರೇಮ್. ಆ 1080ರಲ್ಲಿ 36 ಕಂಬ ಸೆಕ್ಷನ್ ಓವರ್‌ಹೆಡ್‌ಗೆ (ಲೈನಿನ ಸ್ವಂತ ನಿರ್ವಹಣೆಯ ಬೈಟುಗಳು), 1 ಪಾತ್ ಓವರ್‌ಹೆಡ್‌ಗೆ, 3 ಖಾಲಿ ತುಂಬುವಿಕೆಗೆ. ಉಳಿದ 1040 ಕಂಬಕ್ಕೆ 599.04 ಮೆಗಾಬಿಟ್, ಅಂದರೆ 74.88 ಮೆಗಾಬೈಟ್. ಇದೇ ವೇಗದ ಅಮೆರಿಕದ ಓಸಿ-12ಸಿ ಲೈನು ಆದರೂ ಲೆಕ್ಕ ಇದೇ.

ಇದರ ಮೇಲೆ ಪಿಪಿಪಿ (ಪ್ಯಾಕೆಟ್ಟುಗಳನ್ನು ಲೈನಿಗೆ ಹಾಕುವ ಒಂದು ವಿಧಾನ) ಓಡ್ತಿದ್ದರೆ, 1500 ಬೈಟಿನ ಪ್ಯಾಕೆಟ್ಟಿಗೆ ಲೈನಿನ ಮೇಲೆ 1509 ಬೈಟ್. ಟೈಮ್‌ಸ್ಟ್ಯಾಂಪ್ ಇರುವ ಟಿಸಿಪಿಯಲ್ಲಿ (ಡೇಟಾ ತಲುಪಿದ್ದನ್ನು ಖಾತ್ರಿ ಮಾಡುವ ವಿಧಾನ) ನಿಮ್ಮ ಡೇಟಾ 1448. ಬೈಟ್ ಸ್ಟಫಿಂಗ್‌ಗೆ (ಗುರುತಿನ ಬೈಟಿನಂತಿರುವ ಡೇಟಾಗೆ ಸೇರಿಸುವ ಹೆಚ್ಚುವರಿ ಬೈಟ್) ಇನ್ನೊಂದು 0.8% ಕಳೆಯಿರಿ. 71.3 ಮೆಗಾಬೈಟ್ ಸಿಕ್ಕರೆ ಅದೇ ಪೂರ್ತಿ. ಲೈನು ಎಟಿಎಂ (ಡೇಟಾವನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ಕಳಿಸುವ ವಿಧಾನ) ಆಗಿದ್ದರೆ ಒಂದು ಪ್ಯಾಕೆಟ್ಟಿಗೆ 53 ಬೈಟಿನ 32 ಸೆಲ್ ಬೇಕು, ಆಗ 63.9ಕ್ಕೆ ಇಳಿಯುತ್ತೆ.

ಒಂದು ಎಚ್ಚರ: ಲೈನು ಒಂದೇ ವಿಸಿ-4-4ಸಿ (ಪೂರ್ತಿ ವೇಗದ ಒಂದೇ ದಾರಿ) ಆಗಿದೆಯೋ, ನಾಲ್ಕು ಬಿಡಿ ವಿಸಿ-4ಗಳೋ (ಕಾಲುಭಾಗ ವೇಗದ ದಾರಿಗಳು) ಅಂತ ಕೊಟ್ಟವರನ್ನೇ ಕೇಳಿ. ಬಿಡಿಯಾಗಿದ್ದರೆ ಒಂದು ಕನೆಕ್ಷನ್ನಿಗೆ ಸಾಮಾನ್ಯವಾಗಿ 149.76 ಮೆಗಾಬಿಟ್ಟೇ ಮಿತಿ.

ಕಿಟಕಿಲೆಕ್ಕ:
1.6 ನೋಡಿದರೇ ಗೊತ್ತಾಗುತ್ತೆ, ಅದು ಟಿಸಿಪಿ ವಿಂಡೋ, ಅಂದರೆ ಉತ್ತರ ಬರುವ ಮೊದಲು ಕಳಿಸಬಹುದಾದ ಡೇಟಾದ ಮಿತಿ. ಸ್ಕೇಲಿಂಗ್ ಇಲ್ಲದಾಗಿನ ಗರಿಷ್ಠ ವಿಂಡೋ 65,535 ಬೈಟನ್ನು 0.04 ಸೆಕೆಂಡಿನಿಂದ ಭಾಗಿಸಿ, 16.4 ಲಕ್ಷ ಬೈಟ್ ಬರುತ್ತೆ. ಲೈನು ತುಂಬಬೇಕಾದರೆ 74.88 × 0.04, ಸುಮಾರು 3 ಮೆಗಾಬೈಟ್ ಹಾರಾಟದಲ್ಲಿ ಇರಬೇಕು.

ಎರಡೂ ತುದಿಯಲ್ಲಿ ವಿಂಡೋ ಸ್ಕೇಲಿಂಗ್ (ವಿಂಡೋ ಹಿಗ್ಗಿಸುವ ಆಪ್ಷನ್) ಚಾಲೂ ಮಾಡಿ. ಕಳಿಸುವ, ಪಡೆಯುವ ಬಫರ್‌ಗಳ ಗರಿಷ್ಠ ಮಿತಿ 8 ಮೆಗಾಬೈಟ್ ಇಡಿ. ಕರ್ನಲ್ (ಲಿನಕ್ಸಿನ ತಿರುಳು) ಬಫರಿನಲ್ಲಿ ಒಂದು ಪಾಲನ್ನು ತನ್ನ ಲೆಕ್ಕಕ್ಕೆ ಹಿಡಿದುಕೊಳ್ಳುತ್ತೆ, ಆದ್ದರಿಂದ ಸರಿಯಾಗಿ 3 ಇಟ್ಟರೆ ಸಾಲದು. ಆಮೇಲೂ 1.6ರಲ್ಲೇ ನಿಂತರೆ ನಡುವಿನ ಫೈರ್‌ವಾಲ್ ಸ್ಕೇಲಿಂಗ್ ಆಪ್ಷನ್ ಕಿತ್ತುಹಾಕ್ತಿದೆಯಾ ಅಂತ ಕನೆಕ್ಷನ್ ಶುರುಮಾಡುವ ಮೊದಲ ಸಿನ್ ಪ್ಯಾಕೆಟ್ ಹಿಡಿದು ನೋಡಿ.

ಹಳೇಟೇಪು:
ಬಫರ್ ಏರಿಸಿದೆ. ಮೆಮೊರಿಯಿಂದ ಮೆಮೊರಿಗೆ 71 ಬಂತು. ಟೇಪಿನಿಂದ ಓದಿದರೆ 38 ದಾಟಲ್ಲ.

ಟರ್ಮಿನೇಟರ್:
ಅದೇ ಕೇಬಲ್ಲಿನಲ್ಲಿ 50 ಪಿನ್ನಿನ ಹಳೇ ಸಿಡಿ ಡ್ರೈವ್ ಏನಾದ್ರೂ ಇದೆಯಾ? ಎಲ್‌ವಿಡಿ ಬಸ್ಸಿನಲ್ಲಿ (ಜೋಡಿ ತಂತಿಗಳ ವೇಗದ ಸ್ಕಸಿ) ಒಂದೇ ಒಂದು ಸಿಂಗಲ್-ಎಂಡೆಡ್ (ಹಳೆಯ ಒಂಟಿ ತಂತಿಯ ವಿಧಾನದ) ಸಾಧನ ಇದ್ದರೂ, ಬಸ್ಸಿನ ವಿಧ ತಿಳಿಸುವ ಡಿಫ್‌ಸೆನ್ಸ್ ತಂತಿಯ ವೋಲ್ಟೇಜ್ ಕೆಳಗಿಳಿದು ಇಡೀ ಬಸ್ಸು 40 ಮೆಗಾಬೈಟಿಗೆ ಬೀಳುತ್ತೆ. 38 ಅಂದರೆ ಅದೇ ಇರಬೇಕು. ಅದನ್ನು ತೆಗೆಯಿರಿ, ಕೇಬಲ್ ತುದಿಯ ಟರ್ಮಿನೇಟರ್ ಮೇಲೆ ಎಲ್‌ವಿಡಿ ಅಂತ ಇದೆಯಾ ನೋಡಿ, ಬೂಟ್ ಮಾಡಿ ಕರ್ನಲ್ ಲಾಗ್‌ನಲ್ಲಿ 160 ಅಂತ ಬರಬೇಕು.

ಮುಂದಿನ ಗೋಡೆ ಪಿಸಿಐ, ಅಂದರೆ ಕಾರ್ಡುಗಳು ಕೂರುವ ಮದರ್‌ಬೋರ್ಡಿನ ಬಸ್ಸು. ಸ್ಕಸಿ ಕಾರ್ಡು, ನೆಟ್‌ವರ್ಕ್ ಕಾರ್ಡು ಎರಡೂ ಒಂದೇ 32 ಬಿಟ್, 33 ಮೆಗಾಹರ್ಟ್ಸ್ ಬಸ್ಸಿನಲ್ಲಿದ್ದರೆ ಅದರ 133 ಮೆಗಾಬೈಟಿನ ದಾರಿಯನ್ನು ಡೇಟಾ ಎರಡು ಸಲ ದಾಟುತ್ತೆ. ಕಾಗದದ ಮೇಲೆಯೇ 66, ನಿಜಕ್ಕೆ ಇನ್ನೂ ಕಮ್ಮಿ. 64 ಬಿಟ್ ಸ್ಲಾಟ್ ಇದ್ದರೆ ಸ್ಕಸಿ ಕಾರ್ಡನ್ನು ಅಲ್ಲಿಗೆ ಹಾಕಿ.

ಇಷ್ಟಾದರೂ ಟೇಪಿನಿಂದ ನೇರ ಲೈನಿಗೆ ಸುರಿಯಬೇಡಿ. ಟೇಪು 2:1 ಕಂಪ್ರೆಸ್ ಆಗಿದ್ದರೆ ಡ್ರೈವು ಬಿಡಿಸಿ ಕೊಡುವ 71 ಮೆಗಾಬೈಟಿಗೆ ಟೇಪಿನ ಮೇಲೆ ಓಡೋದು 35ರಷ್ಟೇ. ಎಲ್‌ಟಿಓ-3 ಡ್ರೈವುಗಳ ಕನಿಷ್ಠ ವೇಗಕ್ಕೆ ಅದು ತೀರಾ ಹತ್ತಿರ. ಲೈನು ಸ್ವಲ್ಪ ತಡವರಿಸಿದರೂ ಟೇಪು ನಿಂತು, ಹಿಂದೆ ಹೋಗಿ, ಮತ್ತೆ ಹೊರಡುತ್ತೆ. ವೇಗವೂ ಹೋಯ್ತು, ಹೆಡ್ಡೂ ಸವೆಯಿತು. ಮೊದಲು ಪೂರ್ತಿ ವೇಗದಲ್ಲಿ ಡಿಸ್ಕಿಗೆ ಇಳಿಸಿ, ಆಮೇಲೆ ಡಿಸ್ಕಿನಿಂದ ಕಳಿಸಿ.

ನಾರುಬೆಳಕು:
ಸಮಯದ ಅಂದಾಜಿಗೆ: 400 ಜಿಬಿ ಟೇಪಿಗೆ 71.3ರಲ್ಲಿ ಸುಮಾರು 1 ಗಂಟೆ 34 ನಿಮಿಷ. 2:1 ಕಂಪ್ರೆಸ್ ಆಗಿ ತುಂಬಿದ್ದರೆ 3 ಗಂಟೆ 7 ನಿಮಿಷ. ಪ್ರೋಗ್ರಾಂ 68 ಅಂತ ತೋರಿಸಿದರೆ ಗಾಬರಿ ಬೇಡ. ಅದು 10,48,576 ಬೈಟಿನ ಮೆಗಾಬೈಟ್ ಎಣಿಸ್ತಿರುತ್ತೆ, ಅದೂ 71.3ಯೂ ಒಂದೇ.

ಹಳೇಟೇಪು:
ಸಿಡಿ ಡ್ರೈವೇ! ಕಿತ್ತ ಮೇಲೆ ಲಾಗ್‌ನಲ್ಲಿ 160, ಟೇಪಿನಿಂದ ಡಿಸ್ಕಿಗೆ 78.