ಗೊರಿಲ್ಲಾ ನೋಡಾಕ ಮೈಸೂರೋ, ಲಂಡನ್ನೋ?

ಬೆಳಗಾವಿ, ಟಿಳಕವಾಡಿ:
ನಮಸ್ಕಾರ್ರೀ. ಮಗಳಿಗೆ ಎಂಟು ವರ್ಷ, ಗೊರಿಲ್ಲಾದ ಹುಚ್ಚು. ದಸರಾ ಸೂಟ್ಯಾಗ ಮೈಸೂರಿಗೆ ಕರ್ಕೊಂಡು ಹೋಗೂಣೋ, ಬರೋ ವರ್ಷ ಲಂಡನ್ನಿನ ಮೈದುನನ ಮನೀಗೆ ಹೋದಾಗ ಅಲ್ಲೇ ತೋರಸೂಣೋ? ಅತ್ತಿನೂ ಬರ್ತಾರ, ಅವರಿಗೆ ಮೊಣಕಾಲು ನೋವು. ಎರಡೂ ಕಡೆ ನೋಡಿದವರು ಹೇಳ್ರಿ.

ವಿಜಯಪುರ:
ಮೈಸೂರಿಗೇ ಹೋಗ್ರಿ. ಮಂಗಳವಾರ ಮಾತ್ರ ಬ್ಯಾಡ. ನಾವು ಗೋಲಗುಂಬಜ ಎಕ್ಸ್‌ಪ್ರೆಸ್ ಇಳಿದು ಸೀದಾ ಗೇಟಿಗೆ ಹೋದ್ವಿ, ವಾರದ ರಜಾ! ತಪ್ಪು ನಂದೇ. ಒಂದು ದಿನ ಹೆಚ್ಚಿಗಿ ಉಳಿದಿದ್ದಕ್ಕ ರೂಮು 1,900, ಆಟೋ 240, ಊಟ 780, ತಿರುಗಿ ಬರೋ ಟಿಕೀಟು ಹೋಗಿ ತತ್ಕಾಲಕ್ಕ 2,540. ಒಟ್ಟು 5,460. ಮರುದಿನ ನೋಡಿದಾಗ ಆ ಸಂಕಟ ಹೋತು. 2021ರಾಗ ಜರ್ಮನಿಯಿಂದ ಬಂದ ಥಾಬೋ, ಡೆಂಬಾ, ಎರಡೂ ಗಂಡು. ಒಂದು ಟೊಂಗಿ ಹಿಡಿದು, ನಾವು ಕರಿಬೇವು ಬಿಡಸ್ತೀವಲ್ಲ, ಹಂಗ ಒಂದೇ ಎಳತಕ್ಕ ಎಲಿ ಬಿಡಿಸಿ ಬಾಯಿಗೆ ಹಾಕ್ಕೊಂತು. ನಾ 2009ರಾಗ ಅಲ್ಲೇ ಪೋಲೋ ಅನ್ನೋ ಗೊರಿಲ್ಲಾನ ನೋಡಿದ್ದೆ. ಡಬ್ಲಿನ್ನಿನಿಂದ ಬಂದಿದ್ದ, ಪಾಪ ಒಬ್ಬನೇ ಕುಂತಿರ್ತಿದ್ದ, 2014ರಾಗ ತೀರಿಕೊಂಡ. ಈಗ ಇಬ್ಬರು ಜೋಡಿ ಅದಾರ ಅನ್ನೋದ ದೊಡ್ಡದು.

ಬಾಗಲಕೋಟಿ, ವಿದ್ಯಾಗಿರಿ:
ಜೋಡಿ ಅಂದ್ರೇನ್ರಿ, ಮರಿ ಇಲ್ಲ, ಸಂಸಾರ ಇಲ್ಲ. ನಾವು 2024ರ ಬ್ಯಾಸಗ್ಯಾಗ ಲಂಡನ್ ಝೂಕ್ಕ ಹೋಗಿದ್ವಿ. ಗೊರಿಲ್ಲಾ ಕಿಂಗ್‌ಡಮ್ ಅಂತ 2007ರಾಗ ತೆರೆದಾರ. ನಾಲ್ಕು ಟಿಕೀಟು ಹನ್ನೆರಡು ಸಾವಿರ ದಾಟಿತು, ವೀಸಾದ ಲೆಕ್ಕ ಬ್ಯಾರೆ. ಹೋದ ದಿನಾನ ಮಳಿ. ನಮ್ಮವರು ದುಡ್ಡು ನೀರಾಗ ಹೋತು ಅಂತ ಸಿಡಿಮಿಡಿ. ಮಳಿಗಿ ಗೊರಿಲ್ಲಾನೂ ಒಳಗ ಬಂದ್ವು, ನಾವೂ ಒಳಗ. ಗಾಜಿನ ಆ ಕಡೆ ಮರಿ ತಾಯಿ ಎದಿ ಕಚ್ಚಿ ಹಿಡ್ಕೊಂಡಿತ್ತು, ಬೆರಳಿನ ಉಗುರು ಸೈತ ಕಾಣ್ತಿತ್ತು. ಆ ಹನ್ನೆರಡು ಸಾವಿರಕ್ಕ ನನಗ ಇವತ್ತಿಗೂ ಹೊಟ್ಟಿ ಉರಿಯಂಗಿಲ್ಲ.

ವಿಜಯಪುರ:
ಅಕ್ಕಾರ, ಎರಡೂ ಗಂಡು ಅಂತ ಹೀಗಳೀಬ್ಯಾಡ್ರಿ. ಒಂದು ಗುಂಪಿಗೆ ಬೆಳ್ಳಿ ಬೆನ್ನಿನ ಯಜಮಾನ ಒಬ್ಬ, ಹೆಣ್ಣು ನಾಕೈದು. ಹುಟ್ಟೋದು ಮಾತ್ರ ಗಂಡು ಹೆಣ್ಣು ಸರಿಸಮ. ಉಳಿದ ಗಂಡು ಎಲ್ಲಿ ಹೋಗಬೇಕು? ಯುರೋಪಿನ ಝೂದವರೂ ಬರೀ ಗಂಡಿನ ಗುಂಪು ಕಟ್ತಾರ.

ಬೆಳಗಾವಿ, ಶಹಾಪುರ:
ಇಬ್ಬರೂ ನ್ಯೂಯಾರ್ಕಿನ ಬ್ರಾಂಕ್ಸ್ ಝೂ ನೋಡಿಲ್ಲ. ಮಗ ನ್ಯೂಜೆರ್ಸ್ಯಾಗ ಅದಾನ, ಕರ್ಕೊಂಡು ಹೋಗಿದ್ದ. 1999ರಾಗ ಮಾಡಿದ ಕಾಂಗೋ ಗೊರಿಲ್ಲಾ ಕಾಡು, 6 ಎಕರೆ 20 ಗುಂಟೆ. ನನ್ನ ಕಬ್ಬಿನ ಹೊಲಕ್ಕಿಂತ ದೊಡ್ಡದು! ಅಲ್ಲಿ ಬ್ಯಾರೆ ಟಿಕೀಟಿನ ರೊಕ್ಕ ಆಫ್ರಿಕಾದ ಕಾಡು ಕಾಯೋದಕ್ಕ ಹೋಗ್ತಿತ್ತು. ಗಾಜಿನ ದಾರ್ಯಾಗ ನಡೆದ್ರ ಎರಡೂ ಬದಿ ಗೊರಿಲ್ಲಾ. ಕಂದಕ ಅಲ್ಲ, ಗಾಜ ಬೇಕ್ರಿ. 2016ರಾಗ ಅಮೆರಿಕಾದ ಸಿನ್ಸಿನಾಟಿ ಝೂದ ಕಂದಕದಾಗ ಮೂರು ವರ್ಷದ ಹುಡುಗ ಬಿದ್ದ, ಅಲ್ಲಿದ್ದ ಹರಾಂಬೆ ಅನ್ನೋ ಗೊರಿಲ್ಲಾನ ಗುಂಡು ಹಾಕಿ ಕೊಂದ್ರು. 2007ರಾಗ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಝೂದಾಗ ಬೊಕಿಟೋ ಅನ್ನೋ ಗೊರಿಲ್ಲಾ ನೀರಿನ ಕಂದಕ ದಾಟಿ ಬಂದು ಹೆಣ್ಣುಮಗಳೊಬ್ಬಾಕಿನ ಗಾಯ ಮಾಡ್ತು.

ವಿಜಯಪುರ:
ಸಣ್ಣ ಕೂಸಿನ ತಾಯಿ ಕೇಳ್ಯಾರ. ಗುಂಡು, ಗಾಯ ಅಂತ ಯಾಕ ಅಂಜಸ್ತೀರಿ?

ಬೆಳಗಾವಿ, ಶಹಾಪುರ:
ಆದದ್ದ ಹೇಳಿದ್ರ ಅಂಜಿಸಿದಂಗೇನು? ಆ ಸುದ್ದಿ ಕೇಳಿ ನಾ ಎರಡು ದಿನ ಸರಿ ಉಂಡಿಲ್ಲ.

ಬೆಳಗಾವಿ, ವಡಗಾವಿ:
ಭೂತರಾಮನಹಟ್ಟಿ ಝೂ ಮಗ್ಗಲದಾಗ ಐತಿ. ಸಿಂಹ, ಹುಲಿ ಅದಾವ. ನಮ್ಮೂರಿನ ಝೂ ಬಿಟ್ಟು ಎಲ್ಲೆಲ್ಲೋ ರೊಕ್ಕ ಸುರೂತೀರಿ.

ಬಾಗಲಕೋಟಿ, ವಿದ್ಯಾಗಿರಿ:
ಹುಡುಗಿ ಕೇಳಿದ್ದು ಗೊರಿಲ್ಲಾ ರೀ.

ಬೆಳಗಾವಿ, ಟಿಳಕವಾಡಿ:
ಅತ್ತಿ ಮೊಣಕಾಲಿನ ಸಲುವಾಗಿ ಯಾರೂ ಹೇಳಲಿಲ್ಲ…

ವಿಜಯಪುರ:
ಮೈಸೂರು ಝೂದಾಗ ಬ್ಯಾಟರಿ ಗಾಡಿ ಅದಾವ ತಂಗಿ, ಕುಂಡ್ರಸ್ರಿ. ವಡಗಾವಿಯವರ, ನಮ್ಮ ಐದು ಸಾವಿರಕ್ಕ ಸುರಿಯೋದು ಅಂತೀರೇನು?

ಬೆಳಗಾವಿ, ವಡಗಾವಿ:
ನಿಮಗಂದಿಲ್ಲ, ಹನ್ನೆರಡು ಸಾವಿರದವರಿಗೆ ಅಂದೀನಿ.

ಬಾಗಲಕೋಟಿ, ವಿದ್ಯಾಗಿರಿ:
ನಾ ದುಡಿದ ರೊಕ್ಕ. ನನ್ನ ಮಕ್ಕಳು ಆ ಮರೀನ ಕಣ್ಣಾರೆ ನೋಡ್ಯಾರ.